ಮೂಲಗೇಣಿಯಿಂದ ಪಗಡಿಯವರೆಗೆ: ಬಾಡಿಗೆ ಮನೆಯ ಚರಿತ್ರೆ ಕಲಿಸುವ ಪಾಠ

ಮುಂಬಯಿಗೆ ಬಂದ ಕನ್ನಡಿಗರ ಮೊದಲ ತಲೆಮಾರಿನ ಬಹುಮಂದಿಗೆ ಮನೆಯೆಂದರೆ ಚಾಳಿನ ಒಂದು ಖೋಲಿ. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು, ಸಂಜೆ ಕನ್ನಡದ ರಾತ್ರಿಶಾಲೆಗಳಲ್ಲಿ ಓದಿದವರಿಗೆ ಅಂಥ ಖೋಲಿಯಲ್ಲಿ ಚಾಪೆ ಹಾಸುವಷ್ಟು ಜಾಗ ದೊರೆತರೂ ಅದು ಭಾಗ್ಯವೇ ಆಗಿತ್ತು. ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಅನೇಕರು ಇಂದು ಠಾಣೆಯಲ್ಲೋ ಡೊಂಬಿವಲಿಯಲ್ಲೋ ಒಂದು ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟಿರುವ ಸಣ್ಣ ಮಾಲೀಕರು. ಅಂದು ‘ಮಾಲೀಕ ಹೊರಗೆ ಹಾಕಿದರೇನು ಗತಿ’ ಎಂಬ ಚಿಂತೆ. ಇಂದು ‘ಬಾಡಿಗೆಯವನು ಬಿಡದೆ ಕುಳಿತರೇನು ಗತಿ’ ಎಂಬ ಚಿಂತೆ. ಈ ಎರಡು ಭಯಗಳ ನಡುವೆ ನೂರು ವರ್ಷಗಳ ಚರಿತ್ರೆಯಿದೆ. ಅದನ್ನು ಅರಿತವನಿಗೆ ಮನೆಯನ್ನು ಬಾಡಿಗೆಗೆ ಕೊಡುವ ಕ್ರಮವೂ ತಿಳಿಯುತ್ತದೆ.

1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ಇಕ್ಕಟ್ಟಾದ, ಗಾಳಿಬೆಳಕಿಲ್ಲದ ವಸತಿಗಳೇ ರೋಗದ ತವರೆಂದು ಬಗೆದ ಸರಕಾರ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟನ್ನು ಸ್ಥಾಪಿಸಿತು. ಹಳೆಯ ಕೇರಿಗಳು ಉರುಳಿದವು. ಆದರೆ ಗಿರಣಿಗಳನ್ನು ಅರಸಿ ಬರುವವರ ಸಂಖ್ಯೆ ಕುಗ್ಗಲಿಲ್ಲ. ಮೊದಲ ಮಹಾಯುದ್ಧದ ಕಾಲಕ್ಕೆ ಬಾಡಿಗೆ ಕೈಗೆಟುಕದಂತಾಯಿತು. ಬ್ರಿಟನ್ನಿನಲ್ಲಿ 1915ರಲ್ಲಿ ಬಾಡಿಗೆ ನಿಯಂತ್ರಣ ಜಾರಿಗೆ ಬಂದಿತ್ತು. ಮುಂಬಯಿಯಲ್ಲಿಯೂ 1918ರಲ್ಲಿ ಯುದ್ಧಕಾಲದ ಬಾಡಿಗೆ ಕಾಯ್ದೆ ಬಂದಿತು. 1939ರಲ್ಲಿ ಮತ್ತೊಂದು. ಸ್ವಾತಂತ್ರ್ಯದ ಹೊಸ್ತಿಲಲ್ಲಿ ರೂಪುಗೊಂಡ 1947ರ ಮುಂಬಯಿ ಬಾಡಿಗೆ ಕಾಯ್ದೆ ಇವೆಲ್ಲಕ್ಕಿಂತ ದೀರ್ಘಾಯುಷಿ. ಅದರ ತಿರುಳು ಒಂದು ದಿನಾಂಕದಲ್ಲಿತ್ತು: 1940ರ ಸೆಪ್ಟೆಂಬರ್ 1ರಂದು ಮನೆಗೆ ಯಾವ ಬಾಡಿಗೆ ಇತ್ತೋ ಅದೇ ‘ಪ್ರಮಾಣಿತ ಬಾಡಿಗೆ’. ಅದನ್ನು ಮೀರಿ ಕೇಳುವಂತಿಲ್ಲ. ಅದನ್ನು ತಪ್ಪದೆ ಕೊಡುವವನನ್ನು ಸುಮ್ಮನೆ ಬಿಡಿಸುವಂತಿಲ್ಲ.

ಆ ಕಾಲಕ್ಕೆ ಅದು ನ್ಯಾಯವೇ. ವಿಭಜನೆಯ ನಿರಾಶ್ರಿತರು ನಗರಕ್ಕೆ ಬರುತ್ತಿದ್ದ ದಿನಗಳಲ್ಲಿ ಬಡವನ ತಲೆಯ ಮೇಲಿನ ಸೂರನ್ನು ಆ ಕಾಯ್ದೆ ಕಾಯಿತು. ತಾತ್ಕಾಲಿಕವೆಂದು ಬಂದದ್ದು ಮಾತ್ರ ಮತ್ತೆ ಮತ್ತೆ ಅವಧಿ ವಿಸ್ತರಣೆ ಪಡೆಯುತ್ತ ಅರ್ಧ ಶತಮಾನ ಉಳಿಯಿತು. ಅಕ್ಕಿ, ಬಟ್ಟೆ, ಕೂಲಿ ಎಲ್ಲದರ ಬೆಲೆಯೂ ಏರಿತು. ಖೋಲಿಯ ಬಾಡಿಗೆ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತು.

ಬೆಲೆಯನ್ನು ಬಾಗಿಲಲ್ಲಿ ತಡೆದರೆ ಅದು ಕಿಟಕಿಯಿಂದ ಬರುತ್ತದೆ. ಹಾಗೆ ಬಂದದ್ದು ಪಗಡಿ. ಹೊಸದಾಗಿ ಬರುವವನು ದೊಡ್ಡ ಮೊತ್ತವೊಂದನ್ನು ಮೊದಲೇ ಕೊಡುವುದು, ಆಮೇಲೆ ತಿಂಗಳಿಗೆ ಅಲ್ಪ ಬಾಡಿಗೆ. ಬಿಟ್ಟುಹೋಗುವಾಗ ಮುಂದಿನವನಿಂದ ಪಗಡಿ ಪಡೆದು ಅದರಲ್ಲಿ ಒಂದು ಪಾಲನ್ನು ಮಾಲೀಕನಿಗೆ ಒಪ್ಪಿಸುವುದು. 1947ರ ಕಾಯ್ದೆಯ ಪ್ರಕಾರ ಇದು ಅಪರಾಧ. ಆದರೂ ನಗರವೆಲ್ಲ ಇದನ್ನೇ ನಡೆಸಿತು. ಕೊಟ್ಟ ಹಣಕ್ಕೆ ಕಾಗದವಿಲ್ಲ. ಉಳಿಯುತ್ತಿದ್ದುದು ಬಾಡಿಗೆಯ ರಸೀದಿಯೊಂದೇ. ರಸೀದಿಯಲ್ಲಿ ಯಾರ ಹೆಸರಿದೆಯೋ ಮನೆ ಅವನದು. ಹಾಗಾಗಿ ರಸೀದಿಯ ಕಟ್ಟನ್ನು ಒಡವೆಗಳೊಂದಿಗೆ ಕಪಾಟಿನಲ್ಲಿ ಇಡುತ್ತಿದ್ದರು.

ದಕ್ಷಿಣ ಕನ್ನಡದಿಂದ ಬಂದವರಿಗೆ ಈ ವ್ಯವಸ್ಥೆ ತೀರ ಅಪರಿಚಿತವಾಗಿ ತೋರಿರಲಾರದು. ಊರಿನಲ್ಲಿ ಮೂಲಗೇಣಿಯಿತ್ತು: ಒಕ್ಕಲು ಶಾಶ್ವತ, ಗೇಣಿ ನಿಶ್ಚಿತ, ಹಕ್ಕು ವಂಶಪಾರಂಪರ್ಯ. ಅದರ ಪಕ್ಕದಲ್ಲೇ ಚಾಲಗೇಣಿಯಿತ್ತು: ಒಡೆಯನ ಮರ್ಜಿ ಇರುವಷ್ಟು ದಿನ ಉಳುಮೆ. ಪಗಡಿಯ ಖೋಲಿ ನಗರದ ಮೂಲಗೇಣಿ. ಹಾಗಾದರೆ ನಗರದ ಚಾಲಗೇಣಿ ಯಾವುದು? ಅದೇ ‘ಲೀವ್ ಅಂಡ್ ಲೈಸೆನ್ಸ್’.

ಇದರ ಮೂಲ 1882ರಲ್ಲಿದೆ. ಆ ಒಂದೇ ವರ್ಷ ಎರಡು ಕಾಯ್ದೆಗಳು ಬಂದವು. ಆಸ್ತಿ ವರ್ಗಾವಣೆ ಕಾಯ್ದೆ ‘ಗುತ್ತಿಗೆ’ಯನ್ನು ನಿರೂಪಿಸಿತು, ಅದರಲ್ಲಿ ಸ್ವತ್ತಿನ ಅನುಭೋಗದ ಹಕ್ಕೇ ಬಾಡಿಗೆದಾರನಿಗೆ ಸಲ್ಲುತ್ತದೆ. ಈಸ್‌ಮೆಂಟ್ ಕಾಯ್ದೆ ‘ಪರವಾನಗಿ’ಯನ್ನು ನಿರೂಪಿಸಿತು, ಅದರಲ್ಲಿ ಇರಲು ಅನುಮತಿಯಷ್ಟೇ, ಸ್ವತ್ತಿನಲ್ಲಿ ಹಕ್ಕಿಲ್ಲ. ಬಾಡಿಗೆ ಕಾಯ್ದೆಗೆ ಅಂಜಿದ ಮುಂಬಯಿಯ ಮಾಲೀಕರು ಗುತ್ತಿಗೆಯ ಮಾತನ್ನೇ ಬಿಟ್ಟು ಪರವಾನಗಿಯ ಕರಾರುಗಳನ್ನು ಬರೆಯತೊಡಗಿದರು. ಸರಕಾರ ಇದನ್ನು ಗಮನಿಸದೆ ಇರಲಿಲ್ಲ. 1973ರ ಫೆಬ್ರವರಿ 1ರಂದು ಊರ್ಜಿತ ಪರವಾನಗಿಯ ಮೇಲೆ ಮನೆಯಲ್ಲಿದ್ದವರನ್ನೆಲ್ಲ ಬಾಡಿಗೆದಾರರೆಂದೇ ಪರಿಗಣಿಸುವ ತಿದ್ದುಪಡಿ ಬಂದಿತು. ಅನುಮತಿಯ ಮೇಲೆ ಇದ್ದವನು ಒಂದೇ ದಿನದಲ್ಲಿ ಕಾನೂನಿನ ರಕ್ಷಣೆಯುಳ್ಳ ಒಕ್ಕಲಾದನು.

ಹದಿಮೂರು ತಿಂಗಳ ಅನಂತರ, 1974ರ ಮಾರ್ಚ್ 1ರಂದು, ಕರ್ನಾಟಕದಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ ಜಾರಿಗೆ ಬಂದು ಉಳುವವನಿಗೆ ಹೊಲ ದಕ್ಕಿತು. ಊರಿನಲ್ಲಿ ನಾಲ್ಕು ಮುಡಿ ಗದ್ದೆಯನ್ನು ಚಾಲಗೇಣಿಗೆ ಕೊಟ್ಟು ಮುಂಬಯಿಯಲ್ಲಿ ಬಾಡಿಗೆಗೆ ಇದ್ದ ಮನುಷ್ಯನನ್ನು ಕಲ್ಪಿಸಿಕೊಳ್ಳಿ. ಅವನು ಒಂದೆಡೆ ಕಳೆದುಕೊಂಡನು, ಇನ್ನೊಂದೆಡೆ ಪಡೆದುಕೊಂಡನು. ಎರಡೂ ಕಡೆ ತೀರ್ಪಿಗೆ ಆಧಾರ ಒಂದೇ: ಯಾರ ಬಳಿ ಕಾಗದವಿದೆ, ಯಾರ ಹೆಸರು ದಾಖಲೆಯಲ್ಲಿದೆ. ಬಾಯಿಮಾತನ್ನು ನಂಬಿ ಗೇಣಿಚೀಟಿಯನ್ನೇ ಬರೆಯಿಸದ ಒಡೆಯನೂ ಒಕ್ಕಲೂ ಭೂನ್ಯಾಯಮಂಡಳಿಯ ಮುಂದೆ ಸಮಾನವಾಗಿ ತಡವರಿಸಿದರು.

ಮುಂಬಯಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕೊಟ್ಟ ಮನೆ ಮರಳಿ ಬಾರದೆಂಬ ಭಯಕ್ಕೆ ಎಷ್ಟೋ ಮಾಲೀಕರು ಮನೆಗೆ ಬೀಗ ಜಡಿದರು. ಹಳೆಯ ಚಾಳುಗಳ ಒಡೆಯರಿಗೆ ಬರುವ ಬಾಡಿಗೆ ಸುಣ್ಣಕ್ಕೂ ಸಾಲದಾಯಿತು. ಗೋಡೆ ಬಿರಿಯಿತು, ತೊಲೆ ಕೊಳೆಯಿತು. 1969ರಲ್ಲಿ ಸರಕಾರ ದುರಸ್ತಿ ಮಂಡಳಿಯೊಂದನ್ನು ರಚಿಸಿ, ಸೆಸ್ ವಿಧಿಸಿ, ಆ ಕಟ್ಟಡಗಳ ಹೊಣೆಯನ್ನು ತಾನೇ ಹೊರಬೇಕಾಯಿತು. ಮಳೆಗಾಲದಲ್ಲಿ ಕುಸಿಯುವ ಕಟ್ಟಡಗಳ ಸುದ್ದಿ ಇಂದಿಗೂ ನಿಂತಿಲ್ಲ. ಬಾಡಿಗೆದಾರನನ್ನು ಕಾಯಲು ಬಂದ ಕಾಯ್ದೆ ಕಡೆಗೆ ಅವನ ತಲೆಯ ಮೇಲಿನ ಮಾಡನ್ನೇ ದುರ್ಬಲಗೊಳಿಸಿತು.

ಈ ವಿಪರ್ಯಾಸವನ್ನು ಸರ್ವೋಚ್ಚ ನ್ಯಾಯಾಲಯ 1997ರ ಡಿಸೆಂಬರಿನಲ್ಲಿ ಎತ್ತಿ ಹೇಳಿತು. ಆ ಪ್ರಕರಣದ ಹೆಸರಿನಲ್ಲಿಯೇ ನಮ್ಮ ಕರಾವಳಿಯ ಊರೊಂದಿದೆ: ಮಲ್ಪೆ ವಿಶ್ವನಾಥ ಆಚಾರ್ಯ ಮತ್ತು ಮಹಾರಾಷ್ಟ್ರ ಸರಕಾರ. 1940ರ ಬಾಡಿಗೆಯನ್ನು ಹಾಗೆಯೇ ಸ್ಥಗಿತಗೊಳಿಸಿರುವುದು ಕಾಲ ಕಳೆದಂತೆ ಅಸಮಂಜಸವಾಗಿದೆ. ಒಮ್ಮೆ ನ್ಯಾಯವಾಗಿದ್ದ ಕಾನೂನು ಮುಂದೊಂದು ದಿನ ಅನ್ಯಾಯವಾಗಬಲ್ಲುದು ಎಂಬುದು ಆ ತೀರ್ಪಿನ ಸಾರ. ಕಾಯ್ದೆಯ ಅವಧಿ 1998ರ ಮಾರ್ಚಿನಲ್ಲಿ ಮುಗಿಯಲಿದ್ದುದರಿಂದ ನ್ಯಾಯಾಲಯ ಅದನ್ನು ರದ್ದುಗೊಳಿಸದೆ, ಹೊಸ ಕಾನೂನಿನ ನಿರೀಕ್ಷೆಯಲ್ಲಿ ಬಿಟ್ಟಿತು.

ಆ ಹೊಸ ಕಾನೂನೇ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999. ಅದು ಜಾರಿಗೆ ಬಂದದ್ದು 2000ದ ಮಾರ್ಚ್ 31ರಂದು. ಹಳೆಯ ಬಾಡಿಗೆಗೆ ವರ್ಷಕ್ಕೆ ಶೇಕಡಾ 4ರ ಏರಿಕೆಯನ್ನು ಅದು ಒಪ್ಪಿತು. ಪಗಡಿಯನ್ನು ಅಪರಾಧಗಳ ಪಟ್ಟಿಯಿಂದ ಹೊರತಂದಿತು. ಸಣ್ಣ ಮಾಲೀಕರಿಗೆ ಮುಖ್ಯವಾದವು ಅದರ ಇನ್ನೆರಡು ವಿಧಿಗಳು. 24ನೆಯ ವಿಧಿಯಂತೆ, ವಾಸಕ್ಕೆ ಪರವಾನಗಿ ಪಡೆದವನು ಅವಧಿ ಮುಗಿದೊಡನೆ ಮನೆ ಬಿಡಬೇಕು. ಬಿಡದಿದ್ದರೆ ಸಕ್ಷಮ ಪ್ರಾಧಿಕಾರದ ಮುಂದೆ ಶೀಘ್ರ ವಿಚಾರಣೆ, ಕರಾರಿನ ಎರಡು ಪಟ್ಟು ದರದಲ್ಲಿ ಪರಿಹಾರ. 55ನೆಯ ವಿಧಿಯಂತೆ, ಕರಾರು ಲಿಖಿತವಾಗಿರಬೇಕು, ನೋಂದಣಿಯಾಗಬೇಕು. ನೋಂದಾಯಿಸುವ ಹೊಣೆ ಮಾಲೀಕನದು. ನೋಂದಣಿಯಿಲ್ಲದಿದ್ದರೆ, ಬೇರೆ ರೀತಿ ರುಜುವಾತಾಗುವವರೆಗೆ, ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ಮಾನ್ಯ.

ನಮ್ಮವರು ಇಲ್ಲಿಯೇ ಎಡವುವುದು. 1908ರ ನೋಂದಣಿ ಕಾಯ್ದೆಯಲ್ಲಿ ಒಂದು ವರ್ಷ ಮೀರಿದ ಗುತ್ತಿಗೆಗಷ್ಟೇ ನೋಂದಣಿ ಕಡ್ಡಾಯ. ದೇಶದೆಲ್ಲೆಡೆ ಹನ್ನೊಂದು ತಿಂಗಳ ಕರಾರು ರೂಢಿಗೆ ಬಂದದ್ದು ಹೀಗೆ. ‘ಹನ್ನೊಂದು ತಿಂಗಳದ್ದು, ಸ್ಟ್ಯಾಂಪ್ ಪೇಪರ್ ಸಾಕು’ ಎಂಬ ಮಾತು ಮುಂಬಯಿ, ಪುಣೆಗಳಲ್ಲಿ ನಡೆಯದು. ಬೇರೆ ನಗರಗಳಲ್ಲಿರುವವರು ತಮ್ಮ ರಾಜ್ಯದ ಕಾನೂನನ್ನು ಕೇಳಿ ತಿಳಿಯಬೇಕು. ತಮಿಳುನಾಡಿನ 2017ರ ಕಾಯ್ದೆಯೂ ಲಿಖಿತ ಕರಾರನ್ನು ಕಡ್ಡಾಯಗೊಳಿಸಿದೆ. ದೆಹಲಿಯ 1958ರ ಕಾಯ್ದೆಯಾದರೋ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯಿಸುವುದೇ ಇಲ್ಲ.

ಚರಿತ್ರೆಯಿಂದ ದೊರೆಯುವ ಉಪದೇಶ ಹೆಚ್ಚಿನದೇನಲ್ಲ. ಕರಾರನ್ನು ಬರೆದು ನೋಂದಾಯಿಸಿ. ಪೊಲೀಸ್ ಠಾಣೆಗೂ ಸೊಸೈಟಿಗೂ ತಿಳಿಸಿ. ಡಿಪಾಸಿಟ್ ಎಷ್ಟು, ಅದರಿಂದ ಏನನ್ನು ಕಡಿಯಬಹುದು, ಯಾವ ದುರಸ್ತಿ ಯಾರದು ಎಂಬುದು ಕರಾರಿನಲ್ಲೇ ಇರಲಿ. ಕೀಲಿಕೈ ಕೊಡುವ ದಿನ ಗೋಡೆ, ನಲ್ಲಿ, ಫ್ಯಾನುಗಳ ಸ್ಥಿತಿಯನ್ನು ಬರೆದು ಇಬ್ಬರೂ ಸಹಿ ಮಾಡಿ. ಪ್ರತಿ ಬಾಡಿಗೆಗೂ ರಸೀದಿ ಕೊಡಿ. ಅದು ಕಾನೂನಿನ ಕಟ್ಟಳೆಯೂ ಹೌದು. ಅವಧಿ ಮುಗಿಯುವ ಮೊದಲೇ ಮುಂದಿನ ಮಾತನ್ನು ಆಡಿ. ಹಳೆಯ ಕರಾರಿನ ಮೇಲೆ ‘ಇರಲಿ ಬಿಡಿ’ ಎಂದು ತಿಂಗಳುಗಳನ್ನು ದೂಡಬೇಡಿ. ಮನಸ್ತಾಪ ಬಂದಾಗ ನೀರು, ವಿದ್ಯುತ್ತು ಕಡಿಯುವ ಹಟಕ್ಕೆ ಇಳಿಯಬೇಡಿ. ಅದು ಅಪರಾಧ, ಗೆಲ್ಲುವ ದಾವೆಯೂ ಅದರಿಂದ ಕೆಡುತ್ತದೆ.

ಕಾಗದ ಕೇಳಿದರೆ ಅಪನಂಬಿಕೆಯೆಂದು ಬಗೆಯುವ ದಾಕ್ಷಿಣ್ಯ ನಮ್ಮಲ್ಲಿದೆ, ಅದರಲ್ಲೂ ಬಾಡಿಗೆಗೆ ಬರುವವನು ಊರ ಕಡೆಯವನಾದರೆ. ನಮ್ಮ ಅಜ್ಜಂದಿರು ಕಪಾಟಿನಲ್ಲಿ ಕಾದಿಟ್ಟ ರಸೀದಿಯನ್ನು ನೆನೆದರೆ ಆ ದಾಕ್ಷಿಣ್ಯ ಕರಗೀತು. ಅಂದು ಯಾರೋ ಒಬ್ಬ ಮಾಲೀಕ ತಿಂಗಳು ತಿಂಗಳೂ ಸಹಿ ಮಾಡಿ ಕೊಟ್ಟ ಆ ತುಂಡು ಕಾಗದದ ಬಲದಿಂದಲೇ ನಾವು ಈ ನಗರದಲ್ಲಿ ನೆಲೆನಿಂತೆವು. ನಮ್ಮ ಮನೆಗೆ ಬಂದವನಿಗೂ ಅಷ್ಟನ್ನು ಕೊಡುವುದು ನಮ್ಮ ಮೇಲಿರುವ ಋಣ.