ಒತ್ತಕ್ಷರದ ಪರೀಕ್ಷೆ: ಇ-ರೀಡರ್ ಪರದೆಯ ಹಳತು, ಹೊಸತು

ಇ-ರೀಡರ್ ಪರದೆಯ ಚರಿತ್ರೆಯನ್ನು ಸಾಮಾನ್ಯವಾಗಿ ಅಂಕಿಗಳಲ್ಲಿ ಹೇಳ್ತಾರೆ. ಅದನ್ನು ಕನ್ನಡ ಅಕ್ಷರದ ಕಡೆಯಿಂದ ನೋಡಿದರೆ ಏನು ಕಾಣುತ್ತದೆ ಎಂಬುದು ನನ್ನ ವಿಷಯ.

ಮೊದಲು ಅಂಕಿಗಳನ್ನೇ ನೋಡುವ. ಇ-ಇಂಕ್ ಪರದೆಯ ಸೋನಿ ಲಿಬ್ರಿಯೆ 2004ರಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂತು. 2007ರ ಮೊದಲ ಕಿಂಡಲ್‌ನಲ್ಲಿ ಅಂಗುಲಕ್ಕೆ 167 ಚುಕ್ಕಿ, ಬೂದು ಬಣ್ಣದ 4 ಛಾಯೆ. 2009ರಲ್ಲಿ ಛಾಯೆ 16 ಆಯಿತು. 2012ರ ಪೇಪರ್‌ವೈಟ್‌ನಲ್ಲಿ 212 ಚುಕ್ಕಿ, ಜೊತೆಗೆ ಪರದೆಗೆ ಬೆಳಕು. 2015ರ ಪೇಪರ್‌ವೈಟ್‌ನಲ್ಲಿ ಚುಕ್ಕಿ 300ಕ್ಕೆ ಏರಿತು.

ಇದರಿಂದ ಕನ್ನಡಕ್ಕೆ ಏನಾಯಿತು? 10 ಪಾಯಿಂಟ್ ಅಕ್ಷರದ ಪೂರ್ತಿ ಎತ್ತರಕ್ಕೆ ಹಳೆಯ ಪರದೆಯಲ್ಲಿ ಸುಮಾರು 23 ಚುಕ್ಕಿ, ಹೊಸತರಲ್ಲಿ ಸುಮಾರು 42. ತಲೆಕಟ್ಟು, ಅಕ್ಷರ, ಕೆಳಗಿನ ಒತ್ತು ಎಲ್ಲವೂ ಅಷ್ಟರೊಳಗೇ ಆಗಬೇಕು. 'ರಾಷ್ಟ್ರ' ಎಂಬಲ್ಲಿ ಒತ್ತುಗಳೇ ಎರಡು. 'ದನ' ಮತ್ತು 'ಧನ'ದ ನಡುವೆ ಇರುವುದು ಒಂದು ಸಣ್ಣ ಗೀಟು ಮಾತ್ರ. ಅದು ಮಸುಕಾದರೆ ಅರ್ಥವೇ ಬೇರೆ.

ಹಾಗಾದರೆ ಹೊಸ ಪರದೆ ಬಂದದ್ದರಿಂದ ಕಷ್ಟ ಮುಗಿಯಿತಾ? ಇಲ್ಲ. 2016ರ ಡಿಸೆಂಬರಿನಲ್ಲಿ ಕಿಂಡಲ್ ಅಂಗಡಿಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳು ಬಂದವು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಎರಡೂ ಮಾಧ್ಯಮದ ಶಾಲೆಗಳಿರುವ ಕಾಸರಗೋಡಿನಲ್ಲಿ ಇದು ಬೇಗ ಅರ್ಥವಾಗುತ್ತದೆ. ಅದೇ ಯಂತ್ರದಲ್ಲಿ ಮಲಯಾಳಂ ಓದುವವರಿಗೆ ಬೇಕಾದಷ್ಟು ದೊಡ್ಡ ಮಾಡಬಹುದಾದ ಅಕ್ಷರ ಸಿಕ್ಕಿತು. ಕನ್ನಡದವರಿಗೆ ಹೆಚ್ಚಾಗಿ ಉಳಿದದ್ದು ಸ್ಕ್ಯಾನ್ ಮಾಡಿದ ಪಿಡಿಎಫ್.

ಸ್ಕ್ಯಾನ್ ಪುಟ ಅಂದರೆ ಚಿತ್ರ. 6 ಅಂಗುಲದ ಪರದೆಗೆ ಕುಗ್ಗಿಸಿದರೆ ಒತ್ತೂ ಕುಗ್ಗುತ್ತದೆ, ಹಿಗ್ಗಿಸಿದರೆ ಸಾಲು ಹೊರಗೆ ಹೋಗುತ್ತದೆ. ಸ್ಕ್ಯಾನಿನಲ್ಲೇ ಕಳೆದುಹೋದ ಗೀಟನ್ನು 300 ಚುಕ್ಕಿಯೂ ತಂದುಕೊಡುವುದಿಲ್ಲ. ಯುನಿಕೋಡಿನಲ್ಲಿ ಕನ್ನಡ 1991ರಿಂದಲೇ ಉಂಟು. ಆದರೂ ಎಷ್ಟೋ ಪುಸ್ತಕಗಳ ಕಡತಗಳು ಯುನಿಕೋಡ್ ಅಲ್ಲದ ನುಡಿ, ಬರಹ ಫಾಂಟುಗಳಲ್ಲಿವೆ. ಆ ಫಾಂಟ್ ಇಲ್ಲದ ಕಡೆ ಅವು ಬರೀ ಗೋಜಲು ಚಿಹ್ನೆಗಳು.

ಆದ್ದರಿಂದ ನನ್ನ ವಾದ ಇಷ್ಟು: ಹಳೆಯ ರೀಡರಿನಲ್ಲಿ ತೊಡಕು ಪರದೆಯದ್ದಾಗಿತ್ತು, ಹೊಸತರಲ್ಲಿ ಅದು ಪಠ್ಯದ್ದು. ಪರದೆಯನ್ನು ಎಂಜಿನಿಯರುಗಳು ಸರಿಮಾಡಿದರು. ಪಠ್ಯವನ್ನು ಯುನಿಕೋಡಿಗೆ ತಂದು, 'ದ', 'ಧ' ನೋಡಿ ಕರಡು ತಿದ್ದುವುದು ಸಾಹಿತ್ಯ ವಿದ್ಯಾರ್ಥಿಗಳ ಕೆಲಸ. ಹಕ್ಕುಸ್ವಾಮ್ಯ ಮುಗಿದ ಕೃತಿಗಳಿಗೆ ಕನ್ನಡ ವಿಕಿಸೋರ್ಸ್‌ನಲ್ಲಿ ಅದಕ್ಕೆ ಜಾಗವೂ ಉಂಟು.