ಹುಳಿ ಬೇರೆ, ಹಳಸು ಬೇರೆ

ಕೆಲವು ತಿಂಗಳ ಹಿಂದೆ ಪುಣೆಯ ಒಂದು ಕ್ಯಾಂಟೀನಿಗಾಗಿ ಅಡುಗೆಮನೆಯ ಮರಾಠಿ ಸೂಚನೆಗಳನ್ನು ಕನ್ನಡಕ್ಕೆ ಮಾಡಿಕೊಟ್ಟೆ. ಅಲ್ಲಿನ ಕೆಲಸಗಾರರಲ್ಲಿ ಹಲವರು ಉತ್ತರ ಕರ್ನಾಟಕದವರು. ‘ಆಂಬಲೇಲೆ’ ಅನ್ನವನ್ನು ಚೆಲ್ಲಬೇಕು ಎಂದು ಒಂದು ಸಾಲಿತ್ತು. ನಾನು ‘ಹುಳಿ ಬಂದದ್ದನ್ನು ಚೆಲ್ಲಬೇಕು’ ಎಂದು ಬರೆದೆ. ಅದನ್ನು ಓದಿದ ವಿಜಯಪುರದ ಹುಡುಗ ಕೇಳಿದ: ‘ಹಂಗಾದ್ರ ಇಡ್ಲಿ ಹಿಟ್ಟೂ ಚೆಲ್ಲೂದೇನ್ರಿ ಅಕ್ಕಾರ?’

ತಪ್ಪು ನನ್ನದೇ. ಮರಾಠಿಯ ‘ಆಂಬಣೆ’ ಹದವಾಗಿ ಹುದುಗಿದ ಹಿಟ್ಟಿಗೂ ಸಲ್ಲುತ್ತದೆ, ಕೆಟ್ಟುಹೋದ ಬೇಳೆಗೂ ಸಲ್ಲುತ್ತದೆ. ಕನ್ನಡದಲ್ಲಿ ಹಿಟ್ಟು ಹುಳಿ ಬರುತ್ತದೆ, ಸಾರು ಹಳಸುತ್ತದೆ. ಒಂದು ಬೇಕಾದದ್ದು, ಇನ್ನೊಂದು ಬೇಡವಾದದ್ದು.

ಹುಳಿಯನ್ನು ಬೇಕೆಂದು ಬರಿಸುವ ವಿದ್ಯೆ ನಮ್ಮ ಅಡುಗೆಗೆ ಯಾವಾಗ ಬಂತು? ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ ಇದೆ. ಹೆಸರು ನೋಡಿ ನಮ್ಮ ಇಡ್ಲಿಗೆ ಸಾವಿರ ವರ್ಷ ಎಂದು ಹಿಗ್ಗುತ್ತೇವೆ. ಆದರೆ 1025ರ ಸುಮಾರಿನ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿ ಮತ್ತು ಮಸಾಲೆ ಬೆರೆಸುವುದಿದೆ, ಅಕ್ಕಿಯಿಲ್ಲ. ಒಂದು ಶತಮಾನದ ನಂತರ ಕಲ್ಯಾಣದ ಮೂರನೆಯ ಸೋಮೇಶ್ವರ ಬರೆಸಿದ ‘ಮಾನಸೋಲ್ಲಾಸ’ದ ಇಡ್ಡರಿಕೆಯೂ ಉದ್ದಿನದೇ. ಆಹಾರ ಇತಿಹಾಸಕಾರ ಕೆ.ಟಿ. ಅಚಯ ಇದನ್ನು ಗಮನಿಸಿ, ಹಳೆಯ ಉಲ್ಲೇಖಗಳಲ್ಲಿ ಅಕ್ಕಿ ಬೆರೆಸುವುದು, ಬಹಳ ಹೊತ್ತು ಹುದುಗಿಸುವುದು, ಹಬೆಯಲ್ಲಿ ಬೇಯಿಸುವುದು ಮೂರೂ ಕಾಣುವುದಿಲ್ಲ ಎಂದರು. ಈ ವಿದ್ಯೆ ಇಂಡೋನೇಷ್ಯಾದಿಂದ ಬಂದಿರಬಹುದು ಎಂಬ ಅವರ ಊಹೆಯನ್ನು ಎಲ್ಲರೂ ಒಪ್ಪಿಲ್ಲ. ಹೆಸರು ಉಳಿದು ತಿನಿಸು ಬದಲಾಗಬಹುದು ಎಂಬುದಂತೂ ಸ್ಪಷ್ಟ.

ಇದರ ತಿರುವುಮುರುವನ್ನು ತೋರಿಸಿದವರು ಪುಣೆಯವರೇ. ಭಂಡಾರ್ಕರ್ ಸಂಶೋಧನಾ ಸಂಸ್ಥೆಯ ಹಸ್ತಪ್ರತಿಗಳ ಕ್ಯುರೇಟರ್ ಪಿ.ಕೆ. ಗೋಡೆ 1943ರಲ್ಲಿ ಜಿಲೇಬಿಯ ಜಾಡು ಹಿಡಿದು ಬರೆದರು. ರಘುನಾಥನ ‘ಭೋಜನಕುತೂಹಲ’ ಹದಿನೇಳನೆಯ ಶತಮಾನದ ಕೃತಿ. ಅದರಲ್ಲಿ ಜಿಲೇಬಿಗೆ ‘ಕುಂಡಲಿಕಾ’, ‘ಜಲವಲ್ಲಿಕಾ’ ಎಂಬ ಸಂಸ್ಕೃತ ಹೆಸರುಗಳು. ತಿನಿಸಿನ ಜತೆಗೆ ಬಂದ ಹೆಸರೋ ಅರಬ್ಬಿಯ ‘ಜಲಾಬಿಯಾ’. ಇಲ್ಲಿ ತಿನಿಸು ಒಂದೇ, ಹೆಸರು ಹಲವು. ಅಡುಗೆಯ ಚರಿತ್ರೆ ಬರೆಯಲು ಹೆಸರು ಸಾಲದು, ಮಾಡುವ ಕ್ರಮವನ್ನೂ ಓದಬೇಕು ಎಂಬುದು ನಾನು ಗೋಡೆಯವರಿಂದ ಕಲಿತ ಪಾಠ.

ಅಡುಗೆಮನೆಗೂ ಇದೇ ಪಾಠ. ಉದ್ದಿನ ಹಿಟ್ಟಿನಲ್ಲಿ ಬೆಳೆಯುವ ಲ್ಯೂಕೊನಾಸ್ಟಾಕ್‌ನಂಥ ಬ್ಯಾಕ್ಟೀರಿಯಾಗಳು ಆಮ್ಲ ಮತ್ತು ಅನಿಲ ಉತ್ಪಾದಿಸುತ್ತವೆ. ಅನಿಲದಿಂದ ಹಿಟ್ಟು ಉಬ್ಬುತ್ತದೆ, ಆಮ್ಲದಿಂದ ಅನೇಕ ಕೆಟ್ಟ ಸೂಕ್ಷ್ಮಜೀವಿಗಳಿಗೆ ಅಲ್ಲಿ ಜಾಗವಿಲ್ಲದಾಗುತ್ತದೆ. ಬೆಂದ ಅನ್ನದ ಕಥೆ ಬೇರೆ. ಬ್ಯಾಸಿಲಸ್ ಸೀರಿಯಸ್‌ನ ಬೀಜಕಗಳು ಕುದಿತವನ್ನೂ ತಾಳಿಕೊಂಡು, ಅನ್ನ ಬೆಚ್ಚಗೆ ಹಾಗೇ ಕುಳಿತಿದ್ದರೆ ಎಚ್ಚೆತ್ತು ವಿಷ ಕಾರುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಅದಕ್ಕೆ ವಾಸನೆಯೂ ಇರಬೇಕೆಂದಿಲ್ಲ. ಅಂದರೆ ‘ಹಳಸಿದ್ದನ್ನು ಚೆಲ್ಲಿ’ ಎಂದು ತಿದ್ದಿದರೂ ಕೆಲಸ ಪೂರ್ತಿಯಾಗುವುದಿಲ್ಲ. ಮೂಗು ಮೋಸ ಹೋಗಬಹುದು.

ಆಗ ನೆನಪಾದದ್ದು ‘ತಂಗಳು’. ಹುಳಿ ರುಚಿಯ ಮಾತು. ಹಳಸು ‘ಹಳೆ’ಯಿಂದ ಹುಟ್ಟಿದ, ಕಾಲದ ಮಾತು. ತಂಗಳು ತಣ್ ಮತ್ತು ಕೂಳ್ ಸೇರಿ ಆದದ್ದು, ತಣ್ಣನೆಯ ಅನ್ನ. ಅದು ತಾಪದ ಮಾತು. ಅನ್ನ ಕೆಡುವುದೋ ಉಳಿಯುವುದೋ ಎಂಬುದನ್ನು ತೀರ್ಮಾನಿಸುವುದು ಕಾಲ ಮತ್ತು ತಾಪವೇ.

ಫಲಕದಲ್ಲಿ ಈಗ ಎರಡು ಸಾಲುಗಳಿವೆ: ‘ಹಳಸಿದ್ದನ್ನು ಚೆಲ್ಲಿ. ಉಳಿದ ಅನ್ನವನ್ನು 60 ಡಿಗ್ರಿಗಿಂತ ಬಿಸಿಯಾಗಿ ಇಡಿ, ಇಲ್ಲವೇ ಬೇಗ ಆರಿಸಿ 5 ಡಿಗ್ರಿಗಿಂತ ತಣ್ಣಗೆ ಫ್ರಿಜ್ಜಿನಲ್ಲಿಡಿ.’ ಇಡ್ಲಿ ಹಿಟ್ಟಿನ ಮಾತು ಬರೆಯಲಿಲ್ಲ. ಅದು ಆ ಹುಡುಗನಿಗೆ ನನಗಿಂತ ಚೆನ್ನಾಗಿ ಗೊತ್ತು.