‘ಅಮೋಕ್’: ಒಂದು ಕ್ರಿಯಾವಿಶೇಷಣದ ಪೂರ್ವೇತಿಹಾಸ

ಉನ್ಮತ್ತನಾಗಿ ಎದುರಾದವರನ್ನೆಲ್ಲ ಕೊಲ್ಲುತ್ತ ಸಾಗುವವನ ವರ್ತನೆಯನ್ನು ‘ಅಮೋಕ್’ ಎಂಬ ಕ್ರಿಯಾವಿಶೇಷಣದಿಂದ ಸೂಚಿಸುವುದು ಇಂಗ್ಲಿಷಿನ ರೂಢಿ. ಶಬ್ದದ ಮೂಲವಾದರೋ ಮಲಯ ಭಾಷೆಯದು; ಅಲ್ಲಿ ‘ಅಮುಕ್’ ಎಂದರೆ ರೋಷಾವೇಶದ ಆಕ್ರಮಣ. 1672ರಲ್ಲಿ ಆಂಡ್ರ್ಯೂ ಮಾರ್ವೆಲ್ ಇದನ್ನು ಇಂಗ್ಲಿಷ್ ಗದ್ಯಕ್ಕೆ ತಂದಾಗ ಮೊದಲಕ್ಷರವನ್ನು ಬಿಡಿಸಿ, ಪದವನ್ನು ಎರಡಾಗಿ ಬರೆದನು.

ಪೋರ್ಚುಗೀಸ್ ಲೇಖಕರು ಇದೇ ಶಬ್ದವನ್ನು ಮಲಬಾರಿನ ಯೋಧರಿಗೂ ಅನ್ವಯಿಸಿದರು. 1503ರ ಯುದ್ಧದಲ್ಲಿ ಕೊಚ್ಚಿಯ ರಾಜಕುಮಾರರು ಮಡಿದಾಗ, ಅವರ ಇನ್ನೂರರಷ್ಟು ಭಟರು ತಲೆ ಹುಬ್ಬುಗಳನ್ನು ಬೋಳಿಸಿಕೊಂಡು, ಬಂಧುಗಳನ್ನು ಬೀಳ್ಕೊಂಡು, ಕಲ್ಲಿಕೋಟೆಯತ್ತ ಸಾಯಲೆಂದೇ ನಡೆದ ವೃತ್ತಾಂತವನ್ನು ಗಾಸ್ಪರ್ ಕೊರೆಯಾ ಬರೆದಿದ್ದಾನೆ. ನೋಡುವವನಿಗೆ ಅದು ಹುಚ್ಚು, ಮಾಡುವವನಿಗೆ ಋಣಪರಿಹಾರ.

ಈ ಭೇದವನ್ನು ಕನ್ನಡ ಶಾಸನಗಳ ಪರಿಭಾಷೆ ಸ್ಪಷ್ಟಪಡಿಸುತ್ತದೆ. ಒಡೆಯನಿಗಾಗಿ ಪ್ರಾಣ ತೆರುವೆನೆಂಬ ಪ್ರತಿಜ್ಞೆ ‘ವೇಳೆವಾಳಿ’. ಉಂಡ ಅನ್ನದ ಋಣ ‘ಜೋಳವಾಳಿ’. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಸ್ತಂಭವು ಇಮ್ಮಡಿ ಬಲ್ಲಾಳನ ಗರುಡನಾದ ಕುವರ ಲಕ್ಷ್ಮನ ಸ್ಮಾರಕ. 1220ರ ಸುಮಾರಿಗೆ ಅರಸನು ತೀರಿಕೊಂಡಾಗ ಲಕ್ಷ್ಮನು ಪತ್ನಿ ಸುಗ್ಗಲದೇವಿಯೊಡನೆ ಪ್ರಾಣಾರ್ಪಣೆ ಮಾಡಿದನು. ತಮ್ಮ ಅಂಗಗಳನ್ನೂ ಶಿರಸ್ಸನ್ನೂ ತಾವೇ ಕತ್ತರಿಸಿಕೊಳ್ಳುತ್ತಿರುವ ವೀರರ ಶಿಲ್ಪಗಳು ಆ ಸ್ತಂಭದಲ್ಲಿವೆ. ಗರುಡನ ಕತ್ತಿ ತನ್ನ ಕೊರಳಿಗೆ, ಕೊಚ್ಚಿಯ ಭಟನ ಕತ್ತಿ ಶತ್ರುವಿಗೆ. ಆದರೆ ಎರಡಕ್ಕೂ ಪೂರ್ವಭಾವಿಯಾದುದು ಸಂಕಲ್ಪ. ಕನ್ನಡದ ಹೆಸರು ಆ ಸಂಕಲ್ಪವನ್ನು ಹಿಡಿದಿಟ್ಟಿತು. ಸಮುದ್ರ ದಾಟಿದ ಹೆಸರು ಆವೇಶವನ್ನು ಮಾತ್ರ ಉಳಿಸಿಕೊಂಡಿತು.

ಇಂದು ‘ಅಮೋಕ್’ಗೆ ದೇಶಭಾಷೆಗಳಲ್ಲಿ ಪರ್ಯಾಯ ಹುಡುಕುವವನು ಅಭಾವವಾಚಕಗಳನ್ನೇ ಕಾಣುತ್ತಾನೆ. ಪುಣೆಯ ಕನ್ನಡಿಗರು ನಿತ್ಯ ಕೇಳುವ ಮರಾಠಿಯ ‘ಬೇಭಾನ್’ ಎಂದರೆ ಅರಿವಿಲ್ಲದೆ. ‘ಬೇಫಾಮ್’ನಲ್ಲಿರುವುದು ತಿಳಿವಳಿಕೆ ಎಂಬರ್ಥದ ಪಾರಸಿಯ ‘ಫಹಮ್’. ಕನ್ನಡದ ‘ಎಗ್ಗಿಲ್ಲದೆ’ ಎಂಬುದರಲ್ಲಿ ಇಲ್ಲವಾದದ್ದು ನಾಚಿಕೆ, ಅಳುಕು. ‘ಮೈಮರೆತು’ ಎಂಬಲ್ಲಿ ದೇಹಪ್ರಜ್ಞೆ. ‘ಹುಚ್ಚೆದ್ದು’ ಎಂಬುದೊಂದೇ ಏನೋ ಒಂದರ ಉದಯವನ್ನು ಹೇಳುತ್ತದೆ.

ಈ ಆಯ್ಕೆ ಕೇವಲ ಕೋಶಕಾರನ ಚಿಂತೆಯಲ್ಲ. 2012ರ ಜನವರಿ 25ರಂದು ಪುಣೆಯ ಸ್ವಾರಗೇಟ್ ನಿಲ್ದಾಣದಿಂದ ಸರಕಾರಿ ಬಸ್ಸೊಂದನ್ನು ಅಪಹರಿಸಿದ ಚಾಲಕನು ನಗರದ ಬೀದಿಗಳಲ್ಲಿ ಅದನ್ನು ಹಾಯಿಸಿ ಒಂಬತ್ತು ಜನರನ್ನು ಕೊಂದನು. ಇಂಗ್ಲಿಷ್ ವರದಿಗಳಲ್ಲಿ ‘ಅಮೋಕ್’ ಮತ್ತೆ ಕಾಣಿಸಿತು. ನ್ಯಾಯಾಲಯದ ಮುಂದಿದ್ದ ಪ್ರಶ್ನೆಯಾದರೋ ಅವನಿಗೆ ‘ಭಾನ’ವಿತ್ತೇ ಎಂಬುದೇ. ಮತಿವಿಕಲತೆಯ ವಾದವು ಅವನನ್ನು ಅಪರಾಧದಿಂದ ಮುಕ್ತಗೊಳಿಸಲಿಲ್ಲ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮರಣದಂಡನೆಯನ್ನು ಜೀವಾವಧಿಗೆ ಇಳಿಸಿತು.

‘ಬೇಭಾನ್’ ಎಂದು ಬರೆದವನು ವಿಚಾರಣೆಗೆ ಮೊದಲೇ ತೀರ್ಪು ಕೊಟ್ಟಂತಾಗುತ್ತದೆ. ‘ಎಗ್ಗಿಲ್ಲದೆ’ ಎಂದವನು ಅರಿವಿನ ಪ್ರಶ್ನೆಯನ್ನು ತೆರೆದಿಡುತ್ತಾನೆ. ಸಾವುನೋವಿನ ಸುದ್ದಿಯನ್ನು ಭಾಷಾಂತರಿಸುವವರು ಈ ಎರಡರ ಅಂತರವನ್ನು ಅರಿತಿರುವುದು ಅವಶ್ಯ.